ಜೊತೆಗಾರರಿಲ್ಲದೆ ಟಾಪ್ ರೋಪ್: ಗ್ರಿಗ್ರಿ ಒಂದೇ ಸಾಕೇ?

ಬಂಡೆಗಲ್ಲು

ಎಲ್ಲರಿಗೂ ನಮಸ್ಕಾರ. ನನ್ನ ವಾರದ ರಜೆ ಮಂಗಳವಾರ, ಜೊತೆಗೆ ಹತ್ತುವ ಗೆಳೆಯರಿಗೆಲ್ಲ ಶನಿವಾರ, ಭಾನುವಾರ. ಹೀಗಾಗಿ ರಾಮನಗರದ ಕಡೆ, ಹಿಂಬದಿಯಿಂದ ನಡೆದು ನೆತ್ತಿ ತಲುಪಬಹುದಾದ, ತುದಿಯಲ್ಲಿ ಎರಡು ಒಳ್ಳೆಯ ಬೋಲ್ಟ್ ಇರುವ ಸಣ್ಣ ಬಂಡೆಗಳಲ್ಲಿ ಒಬ್ಬನೇ ಟಾಪ್ ರೋಪ್, ಅಂದರೆ ನೆತ್ತಿಯಲ್ಲಿ ಮೊದಲೇ ಕಟ್ಟಿದ ಹಗ್ಗದಲ್ಲಿ ಹತ್ತುವ ಅಭ್ಯಾಸ ಮಾಡಬೇಕೆಂದಿದ್ದೇನೆ. ನನ್ನ ಬಳಿ 2019ರ ಮಾದರಿಯ ಗ್ರಿಗ್ರಿ (ಹಗ್ಗ ರಭಸದಿಂದ ಓಡಿದರೆ ಒತ್ತಿ ಹಿಡಿಯುವ ಸಾಧನ), 9.8 ಮಿ.ಮೀ. ದಪ್ಪದ 60 ಮೀಟರ್ ಡೈನಾಮಿಕ್ (ಹಿಗ್ಗುವ) ಹಗ್ಗ, ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ), ಹೆಲ್ಮೆಟ್, ನಾಲ್ಕಾರು ಲಾಕಿಂಗ್ ಕ್ಯಾರಬೈನರ್ (ಬೀಗವಿರುವ ಲೋಹದ ಕೊಂಡಿ) ಇವೆ. ಕೆಲವು ವಿಡಿಯೊಗಳಲ್ಲಿ ಗ್ರಿಗ್ರಿಯನ್ನು ಎದೆಯ ಪಟ್ಟಿಗೆ ಸಿಕ್ಕಿಸಿಕೊಂಡು ಹತ್ತುತ್ತಾರೆ. ಪಟ್ಟಿ ಕಟ್ಟಲೆಂದು ಅದಕ್ಕೆ ರಂಧ್ರ ಕೊರೆಯುವವರನ್ನೂ ನೋಡಿದೆ. ಲೀಡ್, ಅಂದರೆ ಹಗ್ಗವನ್ನು ಕೆಳಗಿನಿಂದ ಒಯ್ದು ದಾರಿಯ ಬೋಲ್ಟುಗಳಿಗೆ ಸಿಕ್ಕಿಸುತ್ತ ಹತ್ತುವ ಆಲೋಚನೆ ಸದ್ಯಕ್ಕಿಲ್ಲ. ನಾನು ಕೇಳುವುದು ಇಷ್ಟೇ: ಗ್ರಿಗ್ರಿ ಒಂದೇ ಸಾಕೇ? ಸಾಲದಿದ್ದರೆ ಮುಂದಿನ ದುಡ್ಡನ್ನು ಯಾವುದಕ್ಕೆ ಹಾಕಲಿ?

ಎರಡು ಬೋಲ್ಟ್

ಸಾಲದು. ಯಾಕೆಂದು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಈ ಪ್ರಶ್ನೆ ಕೇಳದೆ ಹೋಗಿ ಹತ್ತುವವರು ಹೆಚ್ಚಾಗುತ್ತಿದ್ದಾರೆ.

1991ರಲ್ಲಿ ಪೆಟ್ಜಲ್ ಕಂಪನಿ ಗ್ರಿಗ್ರಿಯನ್ನು ತಂದದ್ದು ಬಿಲೇ ಮಾಡುವವರ, ಅಂದರೆ ಹತ್ತುವವರ ಹಗ್ಗವನ್ನು ಹಿಡಿದು ಕಾಯುವ ಜೊತೆಗಾರರ ಕೈಗೆ. ಅದರ ಕೈಪಿಡಿ ಒತ್ತಿ ಹೇಳುವ ಮಾತು ಒಂದೇ: ಬ್ರೇಕ್ ಕಡೆಯ ಹಗ್ಗದಿಂದ ಕೈ ತೆಗೆಯಬೇಡಿ. ಯುರೋಪಿನ ಇಎನ್ 15151-1 ಮಾನದಂಡವೂ ಕೈಯ ನೆರವಿನೊಂದಿಗೆ ಲಾಕ್ ಆಗುವ ಸಾಧನಗಳದ್ದು. ಒಬ್ಬರೇ ಹತ್ತುವಾಗ ಎರಡು ಕೈಗಳೂ ಬಂಡೆಯ ಮೇಲಿರುತ್ತವೆ. ಅಲ್ಲಿಗೆ ಸಾಧನದ ಅರ್ಧ ಭಾಗವನ್ನೇ ಮನೆಯಲ್ಲಿ ಬಿಟ್ಟು ಬಂದ ಹಾಗಾಯಿತು.

ಒಳಗಿನ ಕ್ಯಾಮ್ (ತಿರುಗಿ ಹಗ್ಗವನ್ನು ಒತ್ತುವ ತುಂಡು) ಕೆಲಸ ಮಾಡುವ ರೀತಿ ಕಾರಿನ ಸೀಟ್ ಬೆಲ್ಟಿನದ್ದು. ಹಗ್ಗ ಮೆಲ್ಲಗೆ ಸರಿದರೆ ಬಿಡುತ್ತದೆ, ರಭಸದಿಂದ ಎಳೆದರೆ ತಿರುಗಿ ಒತ್ತಿ ಹಿಡಿಯುತ್ತದೆ. ನೇರ ಗೋಡೆಯಿಂದ ಥಟ್ಟನೆ ಬಿದ್ದರೆ ಬಹುಪಾಲು ಹಿಡಿದೀತು. ನಮ್ಮ ರಾಮನಗರದ ಓರೆಯಾದ ಗ್ರಾನೈಟ್ ಸ್ಲ್ಯಾಬ್‌ಗಳಲ್ಲಿ ಬೀಳುವುದು ಹಾಗಲ್ಲ. ಪಾದ ಸ್ವಲ್ಪ ಸ್ವಲ್ಪವೇ ಜಾರುತ್ತದೆ, ಮೈ ಬಂಡೆಗೆ ಉಜ್ಜುತ್ತ ಕೆಳಗೆ ಸರಿಯುತ್ತದೆ, ಭಾರ ಒಮ್ಮೆಗೇ ಬೀಳುವುದಿಲ್ಲ. ಹಗ್ಗ ಹೊಸದಾಗಿ ನುಣುಪಾಗಿದ್ದು, ತೆಳುವಾಗಿದ್ದು, ಹತ್ತುವವರು ಹಗುರವಾಗಿದ್ದರೆ ಕ್ಯಾಮ್ ತಿರುಗದೆಯೇ ಹಗ್ಗ ಸರಿದುಹೋಗುವ ಸಾಧ್ಯತೆ ಇದೆ. ಜೊತೆಗಾರರಿದ್ದರೆ ಅವರ ಕೈಯ ಸಣ್ಣ ಹಿಡಿತವೇ ಕ್ಯಾಮನ್ನು ಎಚ್ಚರಿಸುತ್ತದೆ. ಇಲ್ಲಿ ಆ ಕೈ ಇಲ್ಲ.

ಇನ್ನೊಂದು ತೊಂದರೆ, ನೀವು ಮೇಲೇರಿದಂತೆ ಗ್ರಿಗ್ರಿ ಹಗ್ಗವನ್ನು ತಾನಾಗಿ ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಎರಡು ಹೆಜ್ಜೆಗೊಮ್ಮೆ ನಿಂತು ಕೈಯಿಂದ ಎಳೆಯಬೇಕು. ಕಷ್ಟದ ಜಾಗದಲ್ಲಿ ಎಳೆಯಲು ಕೈ ಬಿಡುವಿರುವುದಿಲ್ಲ, ಸಡಿಲು ಬೆಳೆಯುತ್ತದೆ, ಜಾರುವುದೂ ಅಲ್ಲೇ. ಇದರ ಮೇಲೆ ಹಗ್ಗವನ್ನು ತಲೆಕೆಳಗಾಗಿ ಹಾಕುವ ಅಪಾಯ, ಸಾಧನದ ಹಿಡಿ ಬಂಡೆಗೋ ಅಂಗಿಗೋ ಒತ್ತಿ ತೆರೆದುಕೊಳ್ಳುವ ಅಪಾಯ ಬೇರೆ. ರಂಧ್ರ ಕೊರೆಯುವುದನ್ನಂತೂ ಮರೆತುಬಿಡಿ. ಪ್ರಾಣ ಹಿಡಿಯುವ ಲೋಹಕ್ಕೆ ಅಂಗಡಿಯ ಡ್ರಿಲ್ ಹಾಕಿದ ಮೇಲೆ ಅದು ತಯಾರಕರು ಪರೀಕ್ಷಿಸಿದ ವಸ್ತುವಾಗಿ ಉಳಿಯುವುದಿಲ್ಲ.

ದುಡ್ಡು ಹಾಕಬೇಕಾದದ್ದು ಹಗ್ಗದಗುಂಟ ಮೇಲಕ್ಕೆ ಸಲೀಸಾಗಿ ಜಾರಿ, ಕೆಳಕ್ಕೆ ಕಚ್ಚಿ ಹಿಡಿಯುವ ಸಾಧನಗಳಿಗೆ. ಒಂದಲ್ಲ, ಎರಡು. ಅವೆರಡೂ ಬೇರೆ ಬೇರೆ ಬಗೆಯವಾಗಿದ್ದರೆ ಇನ್ನೂ ಒಳ್ಳೆಯದು, ಒಂದನ್ನು ಕೆಡಿಸುವ ಕಾರಣ ಇನ್ನೊಂದನ್ನು ಕೆಡಿಸದು. ಇಂಥದ್ದರಲ್ಲಿ ಪೆಟ್ಜಲ್ ಕಂಪನಿಯ, ಹಲ್ಲಿನ ಕ್ಯಾಮ್ ಇರುವ ಮೈಕ್ರೋ ಟ್ರ್ಯಾಕ್ಷನ್ ಹೆಚ್ಚಿನವರು ಬಳಸುತ್ತಾರೆ. ಫ್ರಾನ್ಸಿನ ಟಾಜ್ ಕಂಪನಿಯ ಲವ್ 3 ಈ ಕೆಲಸವನ್ನೂ ಮನಸ್ಸಿನಲ್ಲಿಟ್ಟು ಮಾಡಿದ್ದು. ನಿಮ್ಮ ಗ್ರಿಗ್ರಿ ವ್ಯರ್ಥವಲ್ಲ. ಅದನ್ನು ಹಾರ್ನೆಸ್ಸಿಗೆ ತಗುಲಿಸಿಕೊಂಡೇ ಹತ್ತಿ, ಇಳಿಯಲು ಬೇಕಾಗುತ್ತದೆ.

ಶೆಫೀಲ್ಡ್ ಕನ್ನಡಿಗ

ಇಲ್ಲಿ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನ ಬಂಡೆಗಳಲ್ಲಿ ಒಬ್ಬರೇ ಟಾಪ್ ರೋಪ್ ಮಾಡುವುದು ಹಳೆಯ ರೂಢಿ. ಬಹಳ ಕಾಲ ಎಲ್ಲರ ಬಳಿಯೂ ಇದ್ದದ್ದು ಪೆಟ್ಜಲ್‌ನ ಶಂಟ್. ಹಲ್ಲಿಲ್ಲದ ಕ್ಯಾಮ್ ಆದ್ದರಿಂದ ಹಗ್ಗಕ್ಕೆ ಮೃದು, ಎರಡು ಎಳೆಯ ಮೇಲೂ ಕೂರುತ್ತದೆ. ಆದರೆ ಬೀಳುವಾಗ ಗಾಬರಿಯಲ್ಲಿ ಶಂಟನ್ನೇ ಮುಷ್ಟಿಯಲ್ಲಿ ಹಿಡಿದರೆ ಅದು ಲಾಕ್ ಆಗುವುದಿಲ್ಲ. ಬೀಳುವ ಮನುಷ್ಯನ ಕೈ ಮೊದಲು ಹೋಗುವುದು ಕಣ್ಣೆದುರಿನ ವಸ್ತುವಿಗೇ ಎಂಬುದನ್ನು ನೆನಪಿಡಿ. ಈಗ ನಾನು ಅದನ್ನು ಯಾರಿಗೂ ಹೇಳುವುದಿಲ್ಲ.

ಹಲ್ಲಿರುವ ಸಾಧನಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಮೈಕ್ರೋ ಟ್ರ್ಯಾಕ್ಷನ್‌ನಲ್ಲಿ ಕ್ಯಾಮನ್ನು ತೆರೆದೇ ಇರಿಸುವ ಸಣ್ಣ ಗುಂಡಿಯೊಂದಿದೆ. ಸಾಮಾನು ಎಳೆಯುವಾಗ ಅನುಕೂಲ, ಒಬ್ಬರೇ ಹತ್ತುವಾಗ ಮೃತ್ಯು. ಹಗ್ಗ ಹಾಕಿದ ಮೇಲೆ, ನೆಲ ಬಿಡುವ ಮೊದಲು, ಕುಳಿತು ಭಾರ ಬಿಟ್ಟು ನೋಡಲೇಬೇಕು. ಎರಡು ಸಾಧನಗಳಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಒಂದೇ ಬಾರಿ ಕೂತರೆ ಯಾವುದು ಹಿಡಿಯಿತೆಂದು ತಿಳಿಯುವುದಿಲ್ಲ.

ಇನ್ನೊಂದು, ಇಂಥ ಸಾಧನಗಳ ಮಾನದಂಡವಾದ ಇಎನ್ 567 ಕೇಳುವುದು 4 ಕಿಲೋನ್ಯೂಟನ್ (ಸುಮಾರು 400 ಕಿಲೋ ತೂಕದಷ್ಟು) ಎಳೆತವನ್ನು ತಾಳಬೇಕೆಂದು. ಅದರಾಚೆ ಹಲ್ಲುಗಳು ಹಗ್ಗದ ಹೊದಿಕೆಯನ್ನೇ ಹರಿಯಬಹುದು. ಆದ್ದರಿಂದ ಸಡಿಲು ಇರಲೇಬಾರದು. ನೆತ್ತಿ ಸಮೀಪಿಸಿದಾಗ ಇದು ಹೆಚ್ಚು ಮುಖ್ಯ: ನಿಮಗೂ ಆಂಕರಿಗೂ (ಹಗ್ಗ ಕಟ್ಟಿದ ಆಧಾರಕ್ಕೂ) ನಡುವೆ ಒಂದು ಮೀಟರ್ ಹಗ್ಗ ಉಳಿದಿರುವಾಗ ಅರ್ಧ ಮೀಟರ್ ಬಿದ್ದರೂ ಫಾಲ್ ಫ್ಯಾಕ್ಟರ್ (ಬಿದ್ದ ದೂರವನ್ನು ಹಗ್ಗದ ಉದ್ದದಿಂದ ಭಾಗಿಸಿದ್ದು) 0.5. ಹಿಗ್ಗಿ ಪೆಟ್ಟು ತಾಳಿಕೊಳ್ಳಲು ಹಗ್ಗವೇ ಇಲ್ಲ. ಆಂಕರ್ ದಾಟಿ ಮೇಲಕ್ಕೆ ಹೋಗುವ ಮಾತೇ ಬೇಡ.

ಗಾಜಿನ ಗೋಡೆ

ನಾನು ಶಿಲಾರೋಹಿಯಾಗುವುದಕ್ಕೆ ಮೊದಲು ಹಗ್ಗದ ಮೇಲೆ ಕೆಲಸ ಮಾಡುವವನು. ಬೆಂಗಳೂರಿನ ಎತ್ತರದ ಕಟ್ಟಡಗಳ ಗಾಜು, ಫಲಕ, ದುರಸ್ತಿ. ನಮ್ಮ ಕೆಲಸದ ಮೊದಲ ಪಾಠ: ಎರಡು ಹಗ್ಗ, ಎರಡು ಆಂಕರ್. ಒಂದರ ಮೇಲೆ ಭಾರ, ಇನ್ನೊಂದು ಕಾವಲು. ಯಾವುದೇ ಒಂದು ವಸ್ತು ಕೈಕೊಟ್ಟರೂ ಮನುಷ್ಯ ನೇತಾಡುತ್ತ ಉಳಿಯಬೇಕು.

ಮೇಲಿನ ಇಬ್ಬರೂ ಸಾಧನದ ಬಗ್ಗೆ ಹೇಳಿದ್ದಾರೆ, ನಾನು ಹಗ್ಗದ ಬಗ್ಗೆ ಹೇಳುತ್ತೇನೆ. ಟಾಪ್ ರೋಪ್ ಸೋಲೋದಲ್ಲಿ ಎರಡು ಸಾಧನಗಳನ್ನೂ ಒಂದೇ ಎಳೆಯ ಮೇಲೆ ಹಾಕಿ ಧೈರ್ಯವಾಗಿರುವವರನ್ನು ನೋಡುತ್ತೇನೆ. ಆ ಎಳೆ ಗ್ರಾನೈಟಿನ ಅಂಚಿನಲ್ಲಿ ತುಂಡಾದರೆ ಎರಡಲ್ಲ, ಹತ್ತು ಸಾಧನವಿದ್ದೂ ಪ್ರಯೋಜನವಿಲ್ಲ. ಇಲ್ಲಿ ಹಗ್ಗ ಅಲುಗದೆ ಒಂದೇ ಜಾಗದಲ್ಲಿ ಕೂತಿರುತ್ತದೆ. ನೀವು ಪ್ರತಿ ಸಲ ಕೂತೆದ್ದಾಗ ಅದು ಹಿಗ್ಗಿ ಕುಗ್ಗಿ ಅದೇ ಅಂಚಿಗೆ ಗರಗಸದ ಹಾಗೆ ಉಜ್ಜುತ್ತದೆ. ಜೊತೆಗಾರರಿರುವ ಟಾಪ್ ರೋಪ್‌ನಲ್ಲಿ ಈ ಸವೆತ ಹಗ್ಗದ ಉದ್ದಕ್ಕೂ ಹಂಚಿಹೋಗುತ್ತದೆ, ಇಲ್ಲಿ ಒಂದೇ ಬೆರಳಗಲದಲ್ಲಿ ಕೂಡಿಬೀಳುತ್ತದೆ.

ನಿಮ್ಮ 60 ಮೀಟರ್ ಹಗ್ಗ 25 ಮೀಟರ್ ಬಂಡೆಗೆ ಎರಡು ಎಳೆಯಾಗಿ ಬರುತ್ತದೆ. ಮೇಲೆ ಎರಡು ಎಳೆಗಳನ್ನೂ ಪ್ರತ್ಯೇಕವಾಗಿ ಗಂಟು ಹಾಕಿ ಬಿಗಿಯಿರಿ. ಒಂದರ ಮೇಲೆ ಸಾಧನಗಳು ಓಡಲಿ. ಇನ್ನೊಂದರಲ್ಲಿ ಮೂರ್ನಾಲ್ಕು ಮೀಟರಿಗೊಂದು ಕುಣಿಕೆ ಮೊದಲೇ ಕಟ್ಟಿಡಿ, ನಿಲ್ಲಲು ಜಾಗ ಸಿಕ್ಕಲ್ಲೆಲ್ಲ ಅದನ್ನು ಹಾರ್ನೆಸ್ಸಿಗೆ ಕ್ಲಿಪ್ ಮಾಡಿಕೊಳ್ಳಿ. ಮುಂದಿನದನ್ನು ಹಾಕಿದ ಮೇಲೆಯೇ ಹಿಂದಿನದನ್ನು ಬಿಚ್ಚಿ. ಅಂಚಿಗೆ ದಪ್ಪ ಕ್ಯಾನ್ವಾಸ್ ತೋಳು ಹಾಕಿ, ಅದು ಜಾರದಂತೆ ಸಣ್ಣ ದಾರದಿಂದ ಆಂಕರಿಗೆ ಕಟ್ಟಿ. ಸಾಧನಗಳು ಓಡುವ ಎಳೆಯ ಬುಡಕ್ಕೆ ನೀರು ತುಂಬಿದ ಬಾಟಲಿ ಕಟ್ಟಿದರೆ ಹಗ್ಗ ನೇರವಾಗಿ ನಿಂತು ಸಾಧನ ಸಲೀಸಾಗಿ ಜಾರುತ್ತದೆ.

ಹಿಗ್ಗುವಿಕೆಯ ಲೆಕ್ಕವೂ ಬೇಕು. ಡೈನಾಮಿಕ್ ಹಗ್ಗ ಬರೀ ಕೂತ ಭಾರಕ್ಕೇ ಶೇಕಡಾ 8ರಷ್ಟು ಹಿಗ್ಗುತ್ತದೆ ಎಂದಿಟ್ಟುಕೊಂಡರೆ 25 ಮೀಟರಿಗೆ ಎರಡು ಮೀಟರ್. ಅಂದರೆ ಮೊದಲ ಎರಡು ಮೀಟರ್ ಎತ್ತರದಲ್ಲಿ ನೀವು ಬಿದ್ದರೆ ಹಿಡಿಯುವುದು ನೆಲ, ಹಗ್ಗವಲ್ಲ. ಇಎನ್ 1891 ಗುರುತಿನ ಸೆಮಿ ಸ್ಟ್ಯಾಟಿಕ್ ಹಗ್ಗ ಇಷ್ಟು ಹಿಗ್ಗುವುದಿಲ್ಲ, ಅಂಚಿನ ಸವೆತವೂ ಕಡಿಮೆ. ಆದರೆ ಸಡಿಲು ಬಿಟ್ಟು ಬಿದ್ದರೆ ಪೆಟ್ಟು ನೇರ ಸೊಂಟಕ್ಕೆ. ಅದನ್ನು ಲೀಡ್‌ಗೆ ಎಂದಿಗೂ ಬಳಸಬಾರದು.

ಬಂಡೆಗಲ್ಲು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆ. ಗಾಜಿನ ಗೋಡೆ ಸರ್, ಎರಡನೇ ಎಳೆಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ಒಂದು ಅನುಮಾನ. ಎರಡು ಬೋಲ್ಟ್ ಸರ್ ಗ್ರಿಗ್ರಿ ಇಳಿಯಲು ಬೇಕು ಎಂದಿದ್ದಾರೆ. ನೆತ್ತಿ ತಲುಪಿ ನಡೆದೇ ಇಳಿದು ಬಂದರಾಯಿತಲ್ಲವೇ? ದಾರಿ ಇರುವ ಬಂಡೆಯನ್ನೇ ಆರಿಸಿಕೊಳ್ಳುತ್ತೇನೆ.

ಜೇನುಕಲ್ಲು

ಈ ಪ್ರಶ್ನೆಗೆ ನಾನು ಉತ್ತರಿಸಲೇಬೇಕು. ನೆತ್ತಿ ತಲುಪುತ್ತೀರಿ ಎಂಬುದನ್ನು ಯಾರು ಬರೆದುಕೊಟ್ಟಿದ್ದಾರೆ?

ರಾಮನಗರ, ಸಾವನದುರ್ಗ, ಎಲ್ಲ ಕಡೆಯೂ ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟುತ್ತದೆ. ಈ ಹುಳ ಋತುವಿಗೆ ತಕ್ಕಂತೆ ವಲಸೆ ಹೋಗುತ್ತದೆ, ಮತ್ತೆ ಅದೇ ಚಾಚಿಗೆ ಬರುತ್ತದೆ. ಹೋದ ತಿಂಗಳು ಖಾಲಿಯಿದ್ದ ಜಾಗದಲ್ಲಿ ಈ ತಿಂಗಳು ಎರಡು ಗೂಡು ತೂಗುತ್ತಿರಬಹುದು. ಹದ್ದು ಎರಗಿದರೂ ಏಳುತ್ತವೆ, ಪಕ್ಕದ ಬಂಡೆಯಲ್ಲಿ ಯಾರೋ ಹೊಗೆ ಹಾಕಿದರೂ ಏಳುತ್ತವೆ. ಒಂದು ಕುಟುಕಿದ ಜಾಗದ ವಾಸನೆ ಹಿಡಿದು ಉಳಿದವು ಬರುತ್ತವೆ.

ಈಗ ನಿಮ್ಮ ಸ್ಥಿತಿ ಊಹಿಸಿ. ನೆಲದಿಂದ 15 ಮೀಟರ್ ಮೇಲೆ, ಕಚ್ಚಿ ಹಿಡಿಯುವ ಎರಡು ಸಾಧನಗಳ ಮೇಲೆ ಭಾರ ಬಿಟ್ಟು ನೇತಾಡುತ್ತಿದ್ದೀರಿ. ಆ ಸಾಧನಗಳು ಮೇಲಕ್ಕಷ್ಟೇ ಹೋಗುತ್ತವೆ. ಭಾರವಿರುವಾಗ ಬಿಡಿಸಲು ಬರುವುದಿಲ್ಲ. ಇಳಿಯಬೇಕೆಂದರೆ ಕೆಳಗಿನ ಹಗ್ಗಕ್ಕೆ ಗ್ರಿಗ್ರಿ ಹಾಕಬೇಕು, ಸಡಿಲು ಎಳೆದು ಬಿಗಿಮಾಡಬೇಕು, ಅದರ ಕೆಳಗೆ ಗಂಟು ಹಾಕಬೇಕು, ಕಾಲಿನ ಕುಣಿಕೆಯಲ್ಲಿ ಎದ್ದುನಿಂತು ಮೇಲಿನ ಸಾಧನಗಳ ಭಾರ ತಪ್ಪಿಸಿ ಒಂದೊಂದಾಗಿ ಬಿಚ್ಚಬೇಕು, ಆಮೇಲೆ ಗ್ರಿಗ್ರಿಯ ಮೇಲೆ ಕೂರಬೇಕು. ಮುಖಕ್ಕೆ ಹುಳ ಮುತ್ತಿರುವಾಗ ಇದನ್ನು ಮೊದಲ ಸಲ ಮಾಡಲಾಗುವುದಿಲ್ಲ. ಕಣ್ಣು ಮುಚ್ಚಿಯೂ ಕೈ ತಾನಾಗಿ ಮಾಡುವಷ್ಟು ರೂಢಿಯಾಗಿರಬೇಕು.

ಎರಡು ಬೋಲ್ಟ್ ಅವರು ಗ್ರಿಗ್ರಿಯ ಕೊರತೆಗಳನ್ನು ಸರಿಯಾಗಿಯೇ ಹೇಳಿದರು. ಅದರ ಗುಣವನ್ನು ನಾನು ಹೇಳುತ್ತೇನೆ: ಭಾರವಿರುವಾಗಲೂ ಹಿಡಿ ಎಳೆದರೆ ಇಳಿಸುತ್ತದೆ. ನಮ್ಮ ಬಂಡೆಗಳಲ್ಲಿ ಸಾಧನ ಬೀಳುವುದನ್ನು ತಡೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ, ಎಷ್ಟು ಬೇಗ ನೆಲಕ್ಕೆ ಮುಟ್ಟಿಸುತ್ತದೆ ಎಂದು ಕೇಳುವವರು ಕಡಿಮೆ. ಇದೇ ಕಾರಣಕ್ಕೆ ನನ್ನ ಆಯ್ಕೆ ಲವ್. ಹತ್ತುವಾಗ ಹಗ್ಗದ ಮೇಲೆ ಜಾರುತ್ತದೆ, ಬೇಕೆಂದಾಗ ಅದೇ ಸಾಧನ ಇಳಿಸುತ್ತದೆ. ಮೇಲೊಂದು ಬೇರೆ ಸಾಧನ ಕಾವಲಿಗಿದ್ದರೆ ಬಿಚ್ಚಬೇಕಾದದ್ದು ಅದೊಂದನ್ನೇ.

ಕಾಲಿಡುವ ಮೊದಲು ಬೈನಾಕ್ಯುಲರ್ ಹಿಡಿದು ಇಡೀ ಮುಖವನ್ನು ನೋಡಿ. ಸುಗಂಧ ಬೇಡ. ಗೂಡು ಕಂಡರೆ ಆ ಬಂಡೆ ಆ ದಿನಕ್ಕೆ ಮುಗಿಯಿತು, ಮನೆಗೆ ಬನ್ನಿ. ಗೂಡನ್ನು ಓಡಿಸುವ ಯೋಚನೆಯನ್ನೂ ಮಾಡಬೇಡಿ, ಅದು ಅವುಗಳ ಮನೆ. ರಾಮದೇವರ ಬೆಟ್ಟದ ಕಡೆ ರಣಹದ್ದುಗಳಿಗಾಗಿ ಕಾಯ್ದಿಟ್ಟ ಪ್ರದೇಶವಿದೆ, ಅಲ್ಲಿ ಹಗ್ಗ ಕಟ್ಟುವುದೇ ಬೇಡ.

ಸ್ಲ್ಯಾಬ್ ಪ್ರಿಯ

ಚರ್ಚೆ ಟಾಪ್ ರೋಪ್‌ನದ್ದು ಎಂದು ಗೊತ್ತು, ಆದರೂ ಕೇಳುತ್ತೇನೆ. ಸಾವನದುರ್ಗದ ಬೆಳದಿಂಗಳು ಎಂಬ ಹೆಸರಿನ ಹತ್ತುವ ದಾರಿಯನ್ನು ಗ್ರಿಗ್ರಿ ಇಟ್ಟುಕೊಂಡು ಒಬ್ಬನೇ ಲೀಡ್ ಮಾಡಬೇಕೆಂಬ ಆಸೆ ಬಹಳ ದಿನದಿಂದ ಇದೆ. ದಾರಿ ಕಷ್ಟದ್ದಲ್ಲ, ನನಗೆ ಪರಿಚಿತ. ಹೊರದೇಶಗಳಲ್ಲಿ, ಅಮೆರಿಕದ ಎಲ್ ಕ್ಯಾಪಿಟನ್ ಎಂಬ ದೊಡ್ಡ ಬಂಡೆಯನ್ನೇ ಹೀಗೆ ಹತ್ತುತ್ತಾರಲ್ಲ?

ಎರಡು ಬೋಲ್ಟ್

ಹತ್ತುತ್ತಾರೆ. ರಾಯಲ್ ರಾಬಿನ್ಸ್ 1968ರಲ್ಲಿ ಎಲ್ ಕ್ಯಾಪಿಟನ್‌ನ ಮ್ಯೂರ್ ವಾಲ್ ದಾರಿಯನ್ನು ಹತ್ತು ದಿನಗಳಲ್ಲಿ ಒಬ್ಬರೇ ಏರಿದರು, ಆಗ ಗ್ರಿಗ್ರಿ ಹುಟ್ಟಿರಲೇ ಇಲ್ಲ. ಬ್ರಿಟನ್ನಿನ ಪೀಟ್ ವಿಟೇಕರ್ 2016ರಲ್ಲಿ ಅದೇ ಬಂಡೆಯ ಫ್ರೀರೈಡರ್ ದಾರಿಯನ್ನು ಒಂದೇ ದಿನದೊಳಗೆ ಒಬ್ಬರೇ ಹಗ್ಗ ಕಟ್ಟಿ ಮುಗಿಸಿದರು. ಆದರೆ ಅವರು ಮಾಡಿದ ಕೆಲಸವೇನೆಂದು ನೋಡಿ. ಹಗ್ಗದ ಒಂದು ತುದಿಯನ್ನು ಬುಡದ ಆಂಕರಿಗೆ ಕಟ್ಟಬೇಕು, ಆ ಆಂಕರ್ ಮೇಲ್ಮುಖ ಎಳೆತವನ್ನು ತಾಳಬೇಕು. ಪಿಚ್, ಅಂದರೆ ಒಂದು ಹಗ್ಗದುದ್ದದ ಏರು ಮುಗಿದ ಮೇಲೆ ರ‍್ಯಾಪೆಲ್ ಮಾಡಿ ಕೆಳಗಿಳಿದು, ಬುಡದ ಆಂಕರ್ ಬಿಚ್ಚಿ, ಕ್ವಿಕ್‌ಡ್ರಾಗಳನ್ನು (ಬೋಲ್ಟಿಗೂ ಹಗ್ಗಕ್ಕೂ ನಡುವಿನ ಕೊಂಡಿಗಳನ್ನು) ತೆಗೆಯುತ್ತ ಅದೇ ಪಿಚ್ಚನ್ನು ಮತ್ತೆ ಹತ್ತಬೇಕು. ಒಂದು ದಾರಿ ಎಂದರೆ ಎರಡು ಏರು, ಒಂದು ಇಳಿ.

ಬಿದ್ದಾಗ ಮೆತ್ತಗೆ ಎತ್ತಿಕೊಳ್ಳುವ ಬಿಲೇಯರ್ ಇಲ್ಲ, ಪೆಟ್ಟೆಲ್ಲ ಹಗ್ಗ ಮತ್ತು ನಿಮ್ಮ ಮೈ ನುಂಗಬೇಕು. ಎತ್ತರ ಹೋದಂತೆ ಕೆಳಗೆ ತೂಗುವ ಹಗ್ಗದ ಭಾರವೇ ಸಾಧನದೊಳಗಿಂದ ಹಗ್ಗವನ್ನು ಹಿಂದಕ್ಕೆ ಎಳೆದು ನಿಮಗೆ ಗೊತ್ತಿಲ್ಲದೆ ಸಡಿಲು ಬೆಳೆಸುತ್ತದೆ. ಅದನ್ನು ತಡೆಯಲು ಅಲ್ಲಲ್ಲಿ ರಬ್ಬರ್ ಪಟ್ಟಿಯಿಂದಲೋ ಹಗ್ಗವನ್ನು ಬಿಗಿಹಿಡಿಯುವ ದಾರದ ಗಂಟಾದ ಪ್ರೂಸಿಕ್‌ನಿಂದಲೋ ಹಗ್ಗವನ್ನು ಬೋಲ್ಟಿಗೆ ಹಿಡಿಸಬೇಕು. ತಲೆಕೆಳಗಾಗಿ ಬಿದ್ದರೆ ಗ್ರಿಗ್ರಿ ಹಿಡಿಯುತ್ತದೆಂದು ಯಾರೂ ಹೇಳಲಾರರು. ಇದೇ ಕೆಲಸಕ್ಕೆಂದು ಮಾಡಿದ ಸೈಲೆಂಟ್ ಪಾರ್ಟ್‌ನರ್ ಎಂಬ ಸಾಧನವೊಂದಿತ್ತು. ಡೋಲಿನಂಥ ಗಾಲಿಗೆ ಹಗ್ಗವನ್ನು ಕ್ಲೋವ್ ಹಿಚ್ ಗಂಟಾಗಿ ಸುತ್ತಿ, ಗಾಲಿ ವೇಗವಾಗಿ ತಿರುಗಿದರೆ ಲಾಕ್ ಆಗುವಂಥದ್ದು. ಅದರ ತಯಾರಿಕೆ ನಿಂತುಹೋಗಿದೆ. ಈಚಿನ, ಎಡೆಲ್ರಿಡ್ ಕಂಪನಿಯ ಪಿಂಚ್ ಎಂಬ ಬಿಲೇ ಸಾಧನ ಹಾರ್ನೆಸ್ಸಿನ ಲೂಪಿಗೆ ನೇರ ಕೂರುವುದರಿಂದ ಕೆಲವರು ಅದರತ್ತ ಹೋಗಿದ್ದಾರೆ. ಅದನ್ನು ಮಾಡಿರುವುದೂ ಬ್ರೇಕ್ ಹಿಡಿಯುವ ಕೈಗಾಗಿಯೇ.

ಸಾವನದುರ್ಗದ ಮಾತಿಗೆ ಬರೋಣ. ಅಲ್ಲಿ ಬೋಲ್ಟುಗಳ ನಡುವೆ ದೂರ ಹೆಚ್ಚು. ಸ್ಲ್ಯಾಬ್ ಆದ್ದರಿಂದ ಬಿದ್ದರೆ ಜಾರು, ಅಂದರೆ ಕ್ಯಾಮ್ ತಿರುಗುತ್ತದೆಯೋ ಇಲ್ಲವೋ ಎಂಬ ಅದೇ ಅನುಮಾನ, ಈ ಬಾರಿ ಇನ್ನೂ ಉದ್ದದ ಬೀಳುವಿಕೆಯಲ್ಲಿ. ದಾರಿ ಸುಲಭ ಎಂಬ ಕಾರಣಕ್ಕೆ ಹೋಗುವುದಾದರೆ ಹೋಗಬೇಡಿ. ಸುಲಭದ ದಾರಿಯಲ್ಲಿ ಚಾಚುಗಳು, ಮೆಟ್ಟಿಲುಗಳು ಹೆಚ್ಚು, ಬೀಳುವ ಮೈ ಅವಕ್ಕೆ ತಗುಲುತ್ತದೆ. ಒಬ್ಬ ಜೊತೆಗಾರನನ್ನು ಹುಡುಕಿಕೊಳ್ಳಿ, ಬೆಳದಿಂಗಳು ಎಲ್ಲಿಗೂ ಹೋಗುವುದಿಲ್ಲ.

ಸ್ಲ್ಯಾಬ್ ಪ್ರಿಯ

ಒಪ್ಪುವುದು ಕಷ್ಟವಾದರೂ ಒಪ್ಪುತ್ತೇನೆ. ಜಾರಿನಲ್ಲಿ ಕ್ಯಾಮ್ ತಿರುಗದಿರುವ ವಿಚಾರ ಓದಿದ ಮೇಲೆ ಆ ದಾರಿಯ ಎರಡು ಜಾಗಗಳು ಕಣ್ಣ ಮುಂದೆ ಬಂದವು.

ಮರಳುಗಲ್ಲು

ಬಾದಾಮಿಯಿಂದ ಬರೆಯುತ್ತಿದ್ದೇನೆ. ಇಲ್ಲಿನದು ಮರಳುಗಲ್ಲು, ಗೋಡೆ ನೇರ, ಎಷ್ಟೋ ಕಡೆ ಮುಂದಕ್ಕೆ ಬಾಗಿದೆ. ಅದರಿಂದ ಎರಡು ಬೇರೆ ತೊಂದರೆಗಳು. ಮೊದಲನೆಯದು ನುಣ್ಣನೆಯ ಮರಳು. ಹಗ್ಗಕ್ಕೆ ಅಂಟಿ ಕ್ಯಾಮಿನ ಹಲ್ಲುಗಳ ಸಂದಿಗೆ, ಸ್ಪ್ರಿಂಗಿನೊಳಕ್ಕೆ ಸೇರುತ್ತದೆ. ಬೆಳಿಗ್ಗೆ ಟಕ್ಕೆಂದು ಮುಚ್ಚುತ್ತಿದ್ದ ಕ್ಯಾಮ್ ಮಧ್ಯಾಹ್ನ ಸೋಮಾರಿಯಾಗಿರುತ್ತದೆ. ಹಗ್ಗವನ್ನು ನೆಲಕ್ಕೆ ಬಿಡದೆ ಟಾರ್ಪಾಲಿನ ಮೇಲೆ ಹಾಕಿ, ಪ್ರತಿ ಏರಿಗೂ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕ್ಯಾಮ್ ಉಜ್ಜಿ.

ಎರಡನೆಯದು, ಮುಂದಕ್ಕೆ ಬಾಗಿದ ಗೋಡೆಯಲ್ಲಿ ಬಿದ್ದರೆ ಗಾಳಿಯಲ್ಲಿ ತೂಗುತ್ತೀರಿ, ಬಂಡೆ ಕೈಗೆ ಸಿಗುವುದಿಲ್ಲ. ಕಾಲಿನ ಕುಣಿಕೆ ಇಲ್ಲದೆ ಭಾರ ತಪ್ಪಿಸಲು ದಾರಿಯೇ ಇಲ್ಲ. ಅಲುಗಾಡದೆ ಹಾರ್ನೆಸ್ಸಿನಲ್ಲಿ ಬಹಳ ಹೊತ್ತು ತೂಗುವುದು, ಅದರಲ್ಲೂ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ್ದರೆ, ಜೀವಕ್ಕೇ ಅಪಾಯ. ಜೊತೆಗಾರರಿದ್ದರೆ ತಕ್ಷಣ ಇಳಿಸುತ್ತಾರೆ. ಒಬ್ಬರೇ ಇದ್ದರೆ ದನ ಮೇಯಿಸುವವರು ಯಾರಾದರೂ ನೋಡುವವರೆಗೆ ಅಲ್ಲೇ. ಯಾವ ಬಂಡೆ, ಎಷ್ಟು ಗಂಟೆಗೆ ವಾಪಸ್, ಆ ಹೊತ್ತಿಗೆ ಕರೆ ಬರದಿದ್ದರೆ 112ಕ್ಕೆ ಏನು ಹೇಳಬೇಕು ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಬರೆದುಕೊಟ್ಟು ಬನ್ನಿ. ಬಂಡೆಯ ಕೆಳಗೆ ಮೊಬೈಲ್ ಸಿಗ್ನಲ್ ಇದೆಯೇ ಎಂದೂ ಮೊದಲೇ ನೋಡಿಕೊಳ್ಳಿ.

ಬಂಡೆಗಲ್ಲು

ಹೀಗೆ ತೀರ್ಮಾನಿಸಿದ್ದೇನೆ. ಲವ್ ಒಂದು, ಮೈಕ್ರೋ ಟ್ರ್ಯಾಕ್ಷನ್ ಒಂದು. ಎರಡನ್ನೂ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳುತ್ತೇನೆ, ಅಗ್ಗಕ್ಕೆ ಸಿಗುವ ನಕಲು ಬೇಡ. ಗ್ರಿಗ್ರಿ ಹಾರ್ನೆಸ್ಸಿನಲ್ಲಿ ಮೀಸಲು. ಹಗ್ಗ ಎರಡು ಎಳೆ, ಒಂದರಲ್ಲಿ ಕುಣಿಕೆಗಳು. ಹೊಸ ಸಾಧನಗಳು ಕೈಗೆ ಬರುವವರೆಗೆ ಮಂಗಳವಾರಗಳಲ್ಲಿ ಬೆಂಗಳೂರಿನ ತುರಹಳ್ಳಿಯ ಬೌಲ್ಡರುಗಳೇ (ಹಗ್ಗವಿಲ್ಲದೆ ಹತ್ತುವ ಗಿಡ್ಡ ಬಂಡೆಗಳೇ) ಸಾಕು. ಬಿಚ್ಚಿ ಇಳಿಯುವ ಅಭ್ಯಾಸವನ್ನು ಎಲ್ಲಿ ಮಾಡಲಿ? ಬಂಡೆಯ ಮೇಲೇ ಕಲಿಯುವುದು ಸರಿಯಲ್ಲ ಎನಿಸುತ್ತಿದೆ.

ಗಾಜಿನ ಗೋಡೆ

ಗಟ್ಟಿಯಾದ ಮರ ಸಾಕು. ತೋಳಿನಷ್ಟಲ್ಲ, ತೊಡೆಗಿಂತ ದಪ್ಪವಿರುವ ಹಸಿ ಕೊಂಬೆಗೆ ಹಗ್ಗ ಕಟ್ಟಿ, ಪಾದ ನೆಲದಿಂದ ಎರಡಡಿ ಎತ್ತರಕ್ಕೆ ಬರುವಷ್ಟು ಹತ್ತಿ ಕೂತುಕೊಳ್ಳಿ. ಅಲ್ಲಿಂದ ಗ್ರಿಗ್ರಿಗೆ ಬದಲಾಯಿಸಿ ಇಳಿಯಿರಿ. ಮೊದಲು ಬರಿಗೈಯಲ್ಲಿ, ಆಮೇಲೆ ಗ್ಲೌಸ್ ಹಾಕಿಕೊಂಡು, ಆಮೇಲೆ ಜೇನುಕಲ್ಲು ಅವರು ಹೇಳಿದ ಹಾಗೆ ಕಣ್ಣು ಮುಚ್ಚಿ. ಬಿಚ್ಚಿದ ಪ್ರತಿಯೊಂದು ಸಾಧನವೂ ಹಾರ್ನೆಸ್ಸಿಗೆ ಕಟ್ಟಿರಲಿ, ಕೆಳಗೆ ಬೀಳಬಾರದು. ಯಾವುದನ್ನೇ ಬಿಚ್ಚುವ ಮೊದಲು ಗ್ರಿಗ್ರಿಯ ಕೆಳಗಿನ ಗಂಟನ್ನು ಕೈಯಿಂದ ಮುಟ್ಟಿ ನೋಡುವುದು ಅಭ್ಯಾಸವಾಗಲಿ.

ಶನಿವಾರ ಬೆಳಿಗ್ಗೆ ನಾನು ಬಿಡುವಾಗಿದ್ದೇನೆ. ನೀವು ಎರಡು ಗಂಟೆ ಬಿಡುವು ಮಾಡಿಕೊಂಡರೆ ಕಾಲಿನ ಕುಣಿಕೆಯ ಉದ್ದವನ್ನು ನಿಮ್ಮ ಕಾಲಿಗೆ ಸರಿಯಾಗಿ ಅಳೆದು ಕಟ್ಟಿಕೊಡುತ್ತೇನೆ. 7 ಮಿ.ಮೀ. ದಾರ ಮೂರು ಮೀಟರ್ ತನ್ನಿ.

ಬಂಡೆಗಲ್ಲು

ಬರುತ್ತೇನೆ ಸರ್. ದಾರ ಇಂದೇ ತರುತ್ತೇನೆ, ಜಾಗವನ್ನು ಖಾಸಗಿ ಸಂದೇಶದಲ್ಲಿ ತಿಳಿಸಿ.